ಸಿಂಪ್ಯೂಟರ್‌ನಿಂದ ಸೌಂಡ್‌ಬಾಕ್ಸ್‌ವರೆಗೆ: ಸರಳ ವ್ಯವಹಾರ ಫೋನು ಸೊಗಸುಗಾರರ ಎದುರು ನಿಲ್ಲಬಲ್ಲುದೆ?

ಬೆಂಗಳೂರು: ಬಸವನಗುಡಿಯ ಗಾಂಧಿಬಜಾರಿನಲ್ಲಿ ಹೂವು, ಹಣ್ಣು, ಗ್ರಂಥಿಗೆ ಸಾಮಾನು ಮಾರುವವರ ಮುಂದೆ ಒಂದು ಗಳಿಗೆ ನಿಂತು ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಕೊಳ್ಳುವವರ ಕೈಯಲ್ಲಿ ಅರವತ್ತು, ಎಪ್ಪತ್ತು ಸಾವಿರ ರೂಪಾಯಿಯ ನುಣುಪಾದ ಸ್ಮಾರ್ಟ್‌ಫೋನು. ಮಾರುವವರ ಜೇಬಿನಲ್ಲಿ ಎಷ್ಟೋ ಕಡೆ ಗುಂಡಿ ಒತ್ತುವ ಹಳೆಯ ಮೊಬೈಲು ಅಥವಾ ಗಾಜು ಸೀಳಿದ ಅಗ್ಗದ ಆ್ಯಂಡ್ರಾಯ್ಡ್. ಇಬ್ಬರ ನಡುವೆ ರಟ್ಟಿಗೆ ಅಂಟಿಸಿದ ಒಂದು ಕ್ಯೂಆರ್ ಚೀಟಿ. ಒಂದು ಮೊಳ ಮಲ್ಲಿಗೆಯ ವ್ಯವಹಾರ ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಈ ವ್ಯವಹಾರದ ಮಟ್ಟಿಗೆ ದುಬಾರಿ ಫೋನಿಗೂ ಅಗ್ಗದ ಫೋನಿಗೂ ಯಾವ ಅಂತರವೂ ಇಲ್ಲ.

ಆದರೂ ಫೋನು ಕೊಳ್ಳಲು ಅಂಗಡಿಗೆ ಹೋದವರೆಲ್ಲರೂ ಕೇಳಿಕೊಳ್ಳುವ ಪ್ರಶ್ನೆ ಒಂದೇ. ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಮಾಡುವ ಸಾದಾ ಫೋನು ಸಾಕೇ, ಅಥವಾ ಹೊಳಪಿನದೇ ಬೇಕೇ? ಕರೆ, ಸಂದೇಶ, ಇ-ಅಂಚೆ, ದಿನಚರಿ, ಕಡತ ನೋಡುವ ಸೌಲಭ್ಯ, ದಿನವಿಡೀ ನಿಲ್ಲುವ ಬ್ಯಾಟರಿ, ಗಟ್ಟಿಯಾದ ಮೈ ಇಷ್ಟಿದ್ದು, ಮನರಂಜನೆಗೂ ಅಂದಚಂದಕ್ಕೂ ಹೆಚ್ಚು ಖರ್ಚು ಮಾಡದ ಯಂತ್ರವನ್ನು ಈ ಲೇಖನದಲ್ಲಿ ‘ಸರಳ ವ್ಯವಹಾರ ಫೋನು’ ಎಂದು ಕರೆಯಲಾಗಿದೆ. ಇಂತಹ ಯಂತ್ರ ಸೊಗಸಿನ ಎದುರಾಳಿಗಳ ಮುಂದೆ ಉಳಿಯುತ್ತದೆಯೇ ಎಂಬುದಕ್ಕೆ ಉತ್ತರ ಹುಡುಕಲು ಅಮೆರಿಕಕ್ಕಾಗಲಿ ಫಿನ್‌ಲೆಂಡಿಗಾಗಲಿ ಮೊದಲು ಹೋಗಬೇಕಾಗಿಲ್ಲ. ಆ ಪರೀಕ್ಷೆ ಮಲ್ಲೇಶ್ವರದ ಅಂಚಿನಲ್ಲೇ ಒಮ್ಮೆ ನಡೆದುಹೋಗಿದೆ.

ಟಾಟಾ ಇನ್‌ಸ್ಟಿಟ್ಯೂಟಿನ ಕೂಸು

ಮಲ್ಲೇಶ್ವರದ ಉತ್ತರಕ್ಕಿರುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುತ್ತಾರೆ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನ ಐಟಿ ಮೇಳದ ಜೊತೆಗೆ, ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಮಾಹಿತಿ ತಂತ್ರಜ್ಞಾನ ಹೇಗೆ ಒದಗಬೇಕು ಎಂಬ ವಿಷಯವಾಗಿ ಅಂತಾರಾಷ್ಟ್ರೀಯ ವಿಚಾರ ಸಂಕಿರಣವೊಂದು ನಡೆಯಿತು. ಅಲ್ಲಿ ಮೊಳೆತ ಆಲೋಚನೆಯೇ ಸಿಂಪ್ಯೂಟರ್. ಸರಳ, ಅಗ್ಗ, ಬಹುಭಾಷಿಕ ಎಂಬ ಮೂರು ಗುಣಗಳನ್ನು ಹೆಸರಿನಲ್ಲೇ ಹೊತ್ತ ಅಂಗೈ ಗಣಕ ಅದು.

1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಸ್ಥಾಪನೆಯಾಯಿತು. ಅದರ ಏಳು ಮಂದಿ ಟ್ರಸ್ಟಿಗಳಲ್ಲಿ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್ ಮತ್ತು ವಿ. ವಿನಯ್ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು. ವಿನಯ್ ದೇಶಪಾಂಡೆ ಮತ್ತು ಉಳಿದ ಇಬ್ಬರು ಬೆಂಗಳೂರಿನದೇ ಆದ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರು. 2001ರ ಏಪ್ರಿಲ್ 25ರಂದು ಮೊದಲ ಮಾದರಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಆ ವರ್ಷದ ಕೊನೆಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವಾರಪತ್ರಿಕೆ ವರ್ಷದ ಹೊಸ ಆಲೋಚನೆಗಳ ಪಟ್ಟಿಯಲ್ಲಿ ಅದನ್ನು ಸೇರಿಸಿತು.

ಯಂತ್ರದ ಒಡಲೊಳಗೆ ಏನಿತ್ತು ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಸಿಂಪ್ಯೂಟರ್ ಸೋತದ್ದು ಅದು ದುರ್ಬಲವಾಗಿದ್ದುದರಿಂದ ಎಂಬ ತಪ್ಪು ತಿಳಿವಳಿಕೆ ಈಗಲೂ ಇದೆ. ಅದರಲ್ಲಿದ್ದುದು ಇಂಟೆಲ್ ಕಂಪನಿಯ ಸ್ಟ್ರಾಂಗ್‌ಆರ್ಮ್ ಸಂಸ್ಕಾರಕ. 320 ಬಿಂದು ಅಗಲ, 240 ಬಿಂದು ಎತ್ತರದ ಸ್ಪರ್ಶ ಪರದೆ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ. ಅದೇ ಕಾಲದಲ್ಲಿ ಸಿರಿವಂತ ವ್ಯವಹಾರಸ್ಥರ ಕೈಯಲ್ಲಿ ಮೆರೆಯುತ್ತಿದ್ದ ಕಾಂಪ್ಯಾಕ್ ಐಪ್ಯಾಕ್‌ನಲ್ಲೂ ಇದ್ದದ್ದು ಇದೇ ಜಾತಿಯ ಸಂಸ್ಕಾರಕ. ಅಂದರೆ ಎಂಜಿನ್ ಒಂದೇ. ಮೈ ಮಾತ್ರ ಬೇರೆ. ಐಪ್ಯಾಕ್‌ಗೆ ಬಣ್ಣದ ಪರದೆಯಿತ್ತು, ಬೆಳ್ಳಿಯ ಮಿರುಗಿತ್ತು. ಸಿಂಪ್ಯೂಟರಿನ ಮೊದಲ ಮಾದರಿ ಕಪ್ಪು-ಬಿಳುಪಿನದು. ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿಗಳಲ್ಲೇ ನಡೆಯುವಂತೆ ರೂಪಿಸಿದ್ದು.

ಅದರ ನಿಜವಾದ ಹೊಸತನ ಬೇರೆಡೆಯಿತ್ತು. ಒಂದು ಹಳ್ಳಿಗೆ ಒಂದೇ ಯಂತ್ರವಿದ್ದರೂ ಸಾಕು. ಪ್ರತಿಯೊಬ್ಬರೂ ತಮ್ಮ ಸ್ಮಾರ್ಟ್ ಕಾರ್ಡ್ ತಂದು ಸಿಕ್ಕಿಸಿದರೆ ಅದು ಅವರದೇ ಗಣಕವಾಗಬೇಕು ಎಂಬುದು ಕಲ್ಪನೆ. ಓದುಬರಹ ಬಾರದವರಿಗೆ ಯಂತ್ರವೇ ಓದಿ ಹೇಳಬೇಕು. ಅದಕ್ಕಾಗಿ ‘ಧ್ವನಿ’ ಎಂಬ, ಅಕ್ಷರವನ್ನು ಮಾತಾಗಿಸುವ ತಂತ್ರಾಂಶ ಸಿದ್ಧವಾಯಿತು; ಕನ್ನಡವೂ ಅದರ ಮೊದಲ ಭಾಷೆಗಳಲ್ಲಿ ಒಂದು. ಯಂತ್ರಾಂಶದ ವಿನ್ಯಾಸವನ್ನೂ ಟ್ರಸ್ಟ್ ಮುಚ್ಚಿಡಲಿಲ್ಲ. ಪರವಾನಗಿ ಶುಲ್ಕ ಕಟ್ಟಿ ಯಾವ ಕಂಪನಿ ಬೇಕಾದರೂ ತಯಾರಿಸಬಹುದಿತ್ತು.

ಪ್ರಾಧ್ಯಾಪಕರು ಸ್ಥಾಪಿಸಿದ ಪಿಕೊಪೆಟಾ ಸಂಸ್ಥೆ, ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆ ಸೇರಿ 2004ರ ಏಪ್ರಿಲ್‌ನಲ್ಲಿ ‘ಅಮಿಡಾ’ ಎಂಬ ಸಿಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಬೆಲೆ ಸುಮಾರು 10,000 ರೂಪಾಯಿಯಿಂದ ಆರಂಭವಾಗಿ, ಬಣ್ಣದ ಪರದೆಯ ಮಾದರಿಗೆ ಸುಮಾರು 20,000 ರೂಪಾಯಿಯವರೆಗೆ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಅದನ್ನು ಅರಿತು ಪ್ರತಿಕ್ರಿಯಿಸುವ ಚಲನ ಸಂವೇದಿ ಅದರಲ್ಲಿತ್ತು. ಇದೇ ಚಮತ್ಕಾರ 2007ರಲ್ಲಿ ಐಫೋನಿನಲ್ಲಿ ಬಂದಾಗ ಜಗತ್ತೇ ಬೆರಗಾಯಿತು. ಜಾಲಹಳ್ಳಿಯಲ್ಲಿ ಮೂರು ವರ್ಷ ಮೊದಲೇ ತಯಾರಾದದ್ದು ನೆನಪಾದವರು ಕೆಲವರೇ. ಕಡ್ಡಿಯಿಂದ ಪರದೆಯ ಮೇಲೆ ಯಾವ ಲಿಪಿಯಲ್ಲಾದರೂ ಗೀಚಿದ್ದನ್ನು ಹಾಗೆಯೇ ಇ-ಅಂಚೆಯಾಗಿ ಕಳಿಸುವ ಸೌಲಭ್ಯವೂ ಇತ್ತು. ಕನ್ನಡದ ಕೀಲಿಮಣೆಯ ತೊಡಕನ್ನು ಹೀಗೆ ಬಳಸುದಾರಿಯಿಂದ ದಾಟಿದ್ದು ಜಾಣತನವೇ ಸರಿ.

ಆದರೆ ಮೊದಲ ಒಂದು ವರ್ಷದಲ್ಲಿ 50,000 ಯಂತ್ರಗಳು ಮಾರಾಟವಾಗುವ ನಿರೀಕ್ಷೆಯಿದ್ದರೆ, ಮಾರಾಟವಾದದ್ದು ಸುಮಾರು 4,000 ಎಂದು 2005ರ ಪತ್ರಿಕಾ ವರದಿಗಳು ತಿಳಿಸಿದವು. ಅದರಲ್ಲೂ ಹಳ್ಳಿಗಳನ್ನು ತಲುಪಿದ ಪಾಲು ಅಲ್ಪ. ಮುಂದೆ ಪಿಕೊಪೆಟಾ ಮುಂಬೈನ ಜಿಯೊಡೆಸಿಕ್ ಸಂಸ್ಥೆಯ ವಶವಾಯಿತು.

501 ರೂಪಾಯಿಯ ಎದುರಾಳಿ

ಸಿಂಪ್ಯೂಟರನ್ನು ಸೋಲಿಸಿದ್ದು ಐಪ್ಯಾಕ್ ಅಲ್ಲ, ಪಾಮ್ ಪೈಲಟ್ ಅಲ್ಲ. ಅವು ಸೊಗಸಿನ ಎದುರಾಳಿಗಳು ನಿಜ. ಆದರೆ ಅವೂ ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ನಿಜವಾದ ಎದುರಾಳಿ ಸಿಂಪ್ಯೂಟರಿಗಿಂತಲೂ ಸರಳವಾಗಿತ್ತು, ಕುರೂಪವಾಗಿತ್ತು, ಅಗ್ಗವಾಗಿತ್ತು.

2003ರ ಮೇ 1ರಿಂದ ಮೊಬೈಲಿಗೆ ಬರುವ ಕರೆಗಳಿಗೆ ಗ್ರಾಹಕ ಹಣ ಕೊಡಬೇಕಾಗಿಲ್ಲ ಎಂಬ ವ್ಯವಸ್ಥೆ ಜಾರಿಗೆ ಬಂತು. ಅದೇ ವರ್ಷದ ಮುಂಗಾರಿನಲ್ಲಿ ರಿಲಯನ್ಸ್ ಕಂಪನಿ 501 ರೂಪಾಯಿ ಮುಂಗಡಕ್ಕೆ ಫೋನು ಕೈಗಿಡುವ ಯೋಜನೆ ಘೋಷಿಸಿತು. ಅದೇ ವರ್ಷ ನೋಕಿಯಾ 1100 ಬಂತು. ತುದಿಯಲ್ಲಿ ಟಾರ್ಚು, ದೂಳು ಒಳಹೋಗದ ಗುಂಡಿಗಳು, ಬೆವರಿನ ಕೈಯಿಂದ ಜಾರದ ಬೆನ್ನು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಕರೆಂಟು ಹೋದಾಗ ದಾರಿ ತೋರುವ ಆ ಸಣ್ಣ ದೀಪದ ಮುಂದೆ ಲಿನಕ್ಸ್, ಸ್ಮಾರ್ಟ್ ಕಾರ್ಡ್‌ಗಳ ವಾದ ನಿಲ್ಲುವಂತಿರಲಿಲ್ಲ.

ಅಮಿಡಾದಿಂದ ನೇರವಾಗಿ ಕರೆ ಮಾಡಲು ಬರುತ್ತಿರಲಿಲ್ಲ. ಅಂತರ್ಜಾಲ ಬೇಕಾದರೆ ಬೇರೊಂದು ದೂರವಾಣಿಗೆ ಅದನ್ನು ಜೋಡಿಸಬೇಕಿತ್ತು. ಹತ್ತು ಸಾವಿರ ಕೊಟ್ಟ ಮೇಲೂ ಮೊಬೈಲು ಬೇರೆ ಕೊಳ್ಳಬೇಕು ಎಂದಾಗ, ಚಾಮರಾಜಪೇಟೆಯ ಸಗಟು ವ್ಯಾಪಾರಿಯಾಗಲಿ ಮಂಡ್ಯದ ರೈತನಾಗಲಿ ಯಾವುದನ್ನು ಆರಿಸುತ್ತಾನೆ ಎಂಬುದರಲ್ಲಿ ಸಂಶಯವಿಲ್ಲ. ವ್ಯಾಪಾರ ಎಂಬುದು ಮೊದಲು ಮಾತು, ಆಮೇಲೆ ಲೆಕ್ಕ. ಇಂದಿನ ಈರುಳ್ಳಿಯ ದರ ಎಷ್ಟು, ಲಾರಿ ಎಲ್ಲಿಗೆ ಬಂತು ಎಂಬುದು ಒಂದು ಕರೆಯಲ್ಲಿ ತಿಳಿಯುತ್ತಿತ್ತು.

ಇನ್ನೊಂದು ಕಾರಣವನ್ನು ಹೇಳಲೇಬೇಕು. ಹಂಚಿಕೊಂಡು ಬಳಸುವ ಯಂತ್ರ ಎಂಬ ಕಲ್ಪನೆ ಎಸ್‌ಟಿಡಿ ಬೂತಿನ ಕಾಲದ್ದು. ಆ ಕಾಲ ಅದೇ ವರ್ಷಗಳಲ್ಲಿ ಮುಗಿಯುತ್ತಿತ್ತು. ಬಡವರೂ ತಮ್ಮದೇ ಆದ ಒಂದು ನಂಬರನ್ನು ಬಯಸುತ್ತಾರೆ ಎಂಬುದನ್ನು ಮೊಬೈಲ್ ಕಂಪನಿಗಳು ಅರಿತಷ್ಟು ಬೇಗ ವಿದ್ವಾಂಸರು ಅರಿಯಲಿಲ್ಲ ಎಂದು ಹೇಳಿದರೆ ಕಟುವಾದೀತು, ಆದರೆ ಸುಳ್ಳಾಗದು.

ಸಿಂಪ್ಯೂಟರ್ ಎಲ್ಲಿ ಗೆದ್ದಿತು ಎಂಬುದೂ ಅಷ್ಟೇ ಮುಖ್ಯ. ಕರ್ನಾಟಕ ಸರ್ಕಾರ ಜಮೀನು ದಾಖಲೆಗಳ ಕೆಲಸಕ್ಕೆ ಅದನ್ನು ಬಳಸಿತು. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯ ರಾಜ್ಯವಿದು. ಹೊಲದ ಬದುವಿನಲ್ಲೇ ಮಾಹಿತಿ ದಾಖಲಿಸುವ ಯಂತ್ರಕ್ಕೆ ಇಲ್ಲಿ ಸ್ಪಷ್ಟವಾದ ಕೆಲಸವಿತ್ತು. ಮೈಸೂರಿನ ಸಂಘಮಿತ್ರ ಸಂಸ್ಥೆ ಕಿರುಸಾಲದ ವ್ಯವಹಾರಕ್ಕೆ ಅದನ್ನು ಬಳಸಿತು. ಗೋವಾದ ಡೆಂಪೊ ಸಂಸ್ಥೆ ಗಣಿಯಿಂದ ಹಡಗಿನವರೆಗೆ ಅದಿರು ಸಾಗುವುದನ್ನು ಗುರುತಿಸಲು, ಮಹೀಂದ್ರ ಕಂಪನಿ ವಾಹನದ ಎಂಜಿನ್ ದೋಷ ಪತ್ತೆಗೆ ಉಪಯೋಗಿಸಿದವು. ಈ ಎಲ್ಲ ಕಡೆಗಳಲ್ಲೂ ಒಂದು ಸಾಮ್ಯವಿದೆ. ಯಂತ್ರ ಕೊಂಡವರು ಬೇರೆ, ಹಿಡಿದವರು ಬೇರೆ. ಮಾಡಬೇಕಾದ ಕೆಲಸ ಒಂದೇ, ಅದೂ ಮೊದಲೇ ನಿಗದಿಯಾದದ್ದು. ಅಲ್ಲಿ ಯಾರೂ ಪರದೆ ಹೊಳೆಯುತ್ತದೆಯೇ ಎಂದು ಕೇಳಲಿಲ್ಲ.

ಖಾಕಿಯ ಕೈಯಲ್ಲಿ ಬ್ಲ್ಯಾಕ್‌ಬೆರಿ

ಈ ಮಾತಿಗೆ ಮತ್ತೊಂದು ಸಾಕ್ಷಿ ಬೆಂಗಳೂರಿನ ರಸ್ತೆಗಳಲ್ಲೇ ದೊರೆಯಿತು. 2000ರ ದಶಕದ ಉತ್ತರಾರ್ಧದಲ್ಲಿ ನಗರದ ಸಂಚಾರ ಪೊಲೀಸರು ದಂಡದ ಪುಸ್ತಕದ ಬದಲು ಬ್ಲ್ಯಾಕ್‌ಬೆರಿ ಫೋನು ಹಿಡಿದು ವೃತ್ತಗಳಲ್ಲಿ ನಿಂತರು. ವಾಹನದ ಸಂಖ್ಯೆ ಒತ್ತಿದರೆ ಹಳೆಯ ಬಾಕಿಯೆಲ್ಲ ಪರದೆಗೆ ಬರುತ್ತಿತ್ತು. ಸೊಂಟದಲ್ಲಿದ್ದ ಪುಟ್ಟ ಮುದ್ರಕ ನಿಸ್ತಂತುವಾಗಿ ರಸೀದಿ ಹೊರಡಿಸುತ್ತಿತ್ತು. ಸಿಗ್ನಲ್ ಜಿಗಿದವರು ‘ಇದು ಮೊದಲ ಸಲ ಸಾರ್’ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ಅಂದಿಗೆ ಮುಚ್ಚಿತು!

ಬ್ಲ್ಯಾಕ್‌ಬೆರಿ ಭಾರತಕ್ಕೆ ಬಂದದ್ದು 2004ರಲ್ಲಿ, ಏರ್‌ಟೆಲ್ ಮೂಲಕ. ಅದೇ ಜಗತ್ತಿನ ಆದರ್ಶ ವ್ಯವಹಾರ ಫೋನು. ಹೆಬ್ಬೆರಳುಗಳಿಗೆ ಹೊಂದುವ ಪೂರ್ಣ ಕೀಲಿಮಣೆ, ಬಂದ ಕೂಡಲೇ ತಾನಾಗಿ ಕೈಗೆ ತಲುಪುವ ಇ-ಅಂಚೆ, ಭೇದಿಸಲಾಗದ ಗೋಪ್ಯತೆ ಅದರ ಬಂಡವಾಳ. ಆ ಗೋಪ್ಯತೆಯೇ 2010ರಲ್ಲಿ ಭಾರತ ಸರ್ಕಾರದೊಡನೆ ಜಟಾಪಟಿಗೆ ಕಾರಣವಾಯಿತು. ಸಂದೇಶಗಳನ್ನು ಪರಿಶೀಲಿಸುವ ದಾರಿ ಕೊಡದಿದ್ದರೆ ಸೇವೆ ನಿಲ್ಲಿಸುವುದಾಗಿ ಸರ್ಕಾರ ಗಡುವು ವಿಧಿಸಿತ್ತು. ಹೀಗೆ ಒಂದು ಸರ್ಕಾರವನ್ನೇ ಚಿಂತೆಗೀಡುಮಾಡಿದ ಫೋನು, ಮಾರುಕಟ್ಟೆಯಲ್ಲಿ ಬೇರೊಂದು ಚಿಂತೆಯಲ್ಲಿತ್ತು. ಅದೇ ವರ್ಷ ವೊಡಾಫೋನ್ ತೋರಿಸಿದ ಜಾಹೀರಾತಿನಲ್ಲಿ ಕೋಟುಧಾರಿ ಅಧಿಕಾರಿಗಳ ಸಾಲಿಗೆ ಕಾಲೇಜು ಹುಡುಗರೂ ನುಗ್ಗಿ ‘ನಾವೂ ಬ್ಲ್ಯಾಕ್‌ಬೆರಿ ಹುಡುಗರು’ ಎಂಬ ಭಾವದಲ್ಲಿ ಹಾಡಿದರು. ವ್ಯವಹಾರದ ಫೋನು ತಾನು ಬರಿಯ ವ್ಯವಹಾರದ್ದಲ್ಲ ಎಂದು ಸಾಬೀತು ಮಾಡಲು ಹೊರಟ ಗಳಿಗೆ ಅದು.

ಅಲ್ಲಿಂದ ಮುಂದಿನದು ಎಲ್ಲರಿಗೂ ತಿಳಿದ ಕತೆ. 2013ರಲ್ಲಿ ಹೊಸ ಕಾರ್ಯಾಚರಣ ವ್ಯವಸ್ಥೆ ತಂದರೂ ಫಲಿಸಲಿಲ್ಲ. 2016ರಲ್ಲಿ ಕಂಪನಿ ಸ್ವತಃ ಫೋನು ತಯಾರಿಸುವುದನ್ನು ಕೈಬಿಟ್ಟಿತು. 2022ರ ಜನವರಿ 4ರಂದು ಹಳೆಯ ಬ್ಲ್ಯಾಕ್‌ಬೆರಿಗಳಿಗೆ ಒದಗುತ್ತಿದ್ದ ಸೇವೆಗಳನ್ನೂ ನಿಲ್ಲಿಸಲಾಯಿತು. ಸಂಚಾರ ಪೊಲೀಸರ ಕೈಗೂ ಬೇರೆ ಯಂತ್ರಗಳು ಬಂದವು. ಆದರೆ ವೃತ್ತದಲ್ಲಿ ನಿಂತು ಸಂಖ್ಯೆ ಒತ್ತಿ ರಸೀದಿ ಕೊಡುವ ಕೆಲಸ ಮಾತ್ರ ಹಾಗೆಯೇ ಉಳಿಯಿತು. ಬಿಎಂಟಿಸಿ ನಿರ್ವಾಹಕರ ಟಿಕೆಟ್ ಯಂತ್ರ, ಬೆಸ್ಕಾಂ ಮೀಟರ್ ಓದುವವರ ಬಿಲ್ ಯಂತ್ರ ಇವೂ ಇದೇ ಕುಲದವು. ಅಂದಗೇಡಿಗಳು, ಆದರೆ ಇವುಗಳಿಗೆ ಐಫೋನಿನಿಂದ ಅಪಾಯವಿಲ್ಲ.

ಉಕ್ಕಿನ ಅಣ್ಣ, ಪ್ಲಾಸ್ಟಿಕ್ ತಮ್ಮ

ಸಂಸ್ಥೆ ಕೊಟ್ಟ ಯಂತ್ರದ ಮಾತು ಹಾಗಿರಲಿ, ಸ್ವಂತ ಹಣದಲ್ಲಿ ಕೊಳ್ಳುವವರ ಮುಂದೆ ಸರಳ ವ್ಯವಹಾರ ಫೋನಿಗೆ ಏನಾಯಿತು ಎಂಬುದಕ್ಕೆ 2008ನೇ ಇಸವಿ ಒಳ್ಳೆಯ ಉದಾಹರಣೆ. ಆ ವರ್ಷ ನೋಕಿಯಾ ಇ-71 ಬಂತು. ತೆಳ್ಳನೆಯ ಉಕ್ಕಿನ ಮೈ, ಪೂರ್ಣ ಕೀಲಿಮಣೆ, ಜಿಪಿಎಸ್. ವರ್ಷಾಂತ್ಯದಲ್ಲಿ ಅದರದೇ ಅಗ್ಗದ ತಮ್ಮ ಇ-63 ಪ್ರಕಟವಾಯಿತು. ಉಕ್ಕಿನ ಬದಲು ಪ್ಲಾಸ್ಟಿಕ್, ಜಿಪಿಎಸ್ ಇಲ್ಲ, ಕ್ಯಾಮೆರಾ ಕಡಿಮೆ ತರಗತಿಯದು. ಆದರೆ ಬ್ಯಾಟರಿ ಅದೇ, ಇ-ಅಂಚೆ ಅದೇ. ಇದಲ್ಲದೆ ಎಲ್ಲೆಡೆ ಸಿಗುವ ಸಾಮಾನ್ಯ ಇಯರ್‌ಫೋನ್ ಸಿಕ್ಕಿಸುವ ರಂಧ್ರ ತಮ್ಮನಿಗಿತ್ತು, ಅಣ್ಣನಿಗಿರಲಿಲ್ಲ. ಸ್ಪೇಸ್ ಗುಂಡಿಯನ್ನು ಒತ್ತಿ ಹಿಡಿದರೆ ಟಾರ್ಚು ಬೆಳಗುತ್ತಿತ್ತು. ಕೆಲಸದ ದೃಷ್ಟಿಯಿಂದ ತಮ್ಮನೇ ಮೇಲು ಎಂದು ವಾದಿಸಿದವರಿದ್ದರು. ಈ ಲೇಖಕನೂ ಅವರಲ್ಲೊಬ್ಬ.

ಅದೇ ವರ್ಷದ ಆಗಸ್ಟ್ 22ರಂದು ಐಫೋನ್ 3ಜಿ ಭಾರತಕ್ಕೆ ಕಾಲಿಟ್ಟಿತ್ತು, ಆರಂಭದ ಬೆಲೆ 31,000 ರೂಪಾಯಿ. ಅದನ್ನು ಕೊಂಡವರು ಆಗ ಕಡಿಮೆ. ಇ-63ನ್ನು ಅಂದು ಸೋಲಿಸಿದ್ದು ಐಫೋನಿನ ಮೈಬಣ್ಣವಲ್ಲ. ಜುಲೈನಲ್ಲಿ ತೆರೆದ ಆ್ಯಪಲ್ ತಂತ್ರಾಂಶ ಮಳಿಗೆ ಮತ್ತು ಅಕ್ಟೋಬರಿನಲ್ಲಿ ಬಂದ ಆ್ಯಂಡ್ರಾಯ್ಡ್ ಮಾರುಕಟ್ಟೆಗಳು ಫೋನು ಎಂದರೇನು ಎಂಬ ವ್ಯಾಖ್ಯೆಯನ್ನೇ ಬದಲಿಸಿದವು. ಅಲ್ಲಿಯವರೆಗೆ ಫೋನಿನಲ್ಲಿ ಏನಿರಬೇಕೆಂಬುದನ್ನು ತಯಾರಕ ನಿರ್ಧರಿಸುತ್ತಿದ್ದ. ಬಳಿಕ ಬ್ಯಾಂಕು, ರೈಲ್ವೆ, ಟ್ಯಾಕ್ಸಿ ಕಂಪನಿ, ಹೋಟೆಲು ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಫೋನಿನೊಳಗೆ ತಂದಿಡತೊಡಗಿದರು. ನೋಕಿಯಾದ ಸಿಂಬಿಯನ್ ವ್ಯವಸ್ಥೆಗೆ ಆ ಓಟದಲ್ಲಿ ಕಾಲು ಸೋತಿತು. 2011ರ ಫೆಬ್ರವರಿಯಲ್ಲಿ ಕಂಪನಿ ಅದನ್ನು ಬಿಟ್ಟು ಮೈಕ್ರೋಸಾಫ್ಟ್ ಪಾಳಯ ಸೇರುವುದಾಗಿ ಸಾರಿತು. 2014ರಲ್ಲಿ ಫೋನು ವಿಭಾಗವನ್ನೇ ಮೈಕ್ರೋಸಾಫ್ಟಿಗೆ ಒಪ್ಪಿಸಿತು.

ಇ-63 ಕೊಂಡವರ ಯಂತ್ರ ಹಾಳಾಗಿರಲಿಲ್ಲ. ಗುಂಡಿಗಳು ಸರಿಯಿದ್ದವು, ಬ್ಯಾಟರಿ ನಿಲ್ಲುತ್ತಿತ್ತು. ಹೊರಗಿನ ಲೋಕ ಅದರೊಡನೆ ಮಾತು ಬಿಟ್ಟಿತ್ತು, ಅಷ್ಟೇ.

ಕನ್ನಡ ಎಂಬ ಕಠಿಣ ಪರೀಕ್ಷೆ

ವ್ಯವಹಾರದ ಫೋನು ಎಂದೊಡನೆ ಇಂಗ್ಲಿಷ್ ವ್ಯವಹಾರ ಎಂದು ತಯಾರಕರು ಬಹುಕಾಲ ಭಾವಿಸಿದ್ದರು. ಬಳೇಪೇಟೆ, ಚಿಕ್ಕಪೇಟೆಗಳಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು, ಮಾರ್ವಾಡಿಗಳಲ್ಲಿ ಕೋಟ್ಯಂತರ ರೂಪಾಯಿ ಕೈ ಬದಲಾಗುವುದು ಅವರ ಗಮನಕ್ಕೆ ಬರಲಿಲ್ಲ.

ಗಣಕದಲ್ಲಿ ಕನ್ನಡ ನೆಲೆಯೂರಿದ ಕತೆಗೆ ಚಾಮರಾಜಪೇಟೆಯ ವಿಳಾಸವಿದೆ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಆ ಬಡಾವಣೆಯಲ್ಲೇ ಕನ್ನಡ ಗಣಕ ಪರಿಷತ್ತೂ ಕೆಲಸ ಮಾಡುತ್ತಾ ಬಂದಿದೆ. ಸರ್ಕಾರಿ ಕಚೇರಿಗಳಲ್ಲಿ ಮನೆಮಾತಾದ ‘ನುಡಿ’ ತಂತ್ರಾಂಶ ಅದರ ಕೊಡುಗೆ. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ. ಸಾಮಾನ್ಯ ಇಂಗ್ಲಿಷ್ ಕೀಲಿಮಣೆಯ ಮೇಲೆಯೇ, ಉಚ್ಚಾರಣೆಗೆ ಹೊಂದುವಂತೆ ಕನ್ನಡದ ಅಷ್ಟೂ ಅಕ್ಷರ, ಒತ್ತು, ಗುಣಿತಗಳನ್ನು ಕೂಡಿಸಿದ್ದು ಅದರ ಹಿರಿಮೆ.

ಫೋನಿನಲ್ಲಿ ಆ ಅನುಕೂಲ ಬರಲು ಬಹಳ ತಡವಾಯಿತು. ಕನ್ನಡ ಲಿಪಿಗೆ ಯೂನಿಕೋಡ್ ಸ್ಥಾನ ಸಿಕ್ಕಿದ್ದು 1991ರಲ್ಲೇ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಅಕ್ಷರಗುಚ್ಛದೊಡನೆ ಬಂತು. ಆದರೆ ಆ್ಯಂಡ್ರಾಯ್ಡ್ ತಾನಾಗಿ ಕನ್ನಡ ತೋರಿಸಲು ಆರಂಭಿಸಿದ್ದು 2012ರ 4.1ನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಕನ್ನಡ ಸಂದೇಶ ಬಂದರೆ ಪರದೆಯ ತುಂಬ ಚೌಕಗಳ ಸಾಲು. ಒತ್ತಕ್ಷರಗಳು ಒಂದು ಕಡೆ, ಅವು ಸೇರಬೇಕಾದ ಅಕ್ಷರ ಇನ್ನೊಂದು ಕಡೆ. ದೇಶದಲ್ಲಿ ಮಾರುವ ಮೊಬೈಲ್‌ಗಳು ಭಾರತೀಯ ಭಾಷೆಗಳನ್ನು ತೋರಿಸಲೇಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ಆದೇಶ ಹೊರಡಿಸಬೇಕಾಯಿತು.

ಈ ವಿಷಯದಲ್ಲಿ ಸರಳ ಫೋನಿನ ಪರ ವಕಾಲತ್ತು ವಹಿಸುವುದು ಕಷ್ಟ. ಹನ್ನೆರಡು ಗುಂಡಿಗಳಲ್ಲಿ ‘ಸ್ವಾತಂತ್ರ್ಯ’ ಎಂದು ಬೆರಳಚ್ಚಿಸಿ ನೋಡಿದವರಿಗೆ ಆ ಕಷ್ಟ ತಿಳಿದೀತು. ಗಾಜಿನ ಪರದೆಯ ಮೇಲೆ ಕೀಲಿಮಣೆ ಎಂಬುದು ಬರಿಯ ಚಿತ್ರ. ಇಂದು ಇಂಗ್ಲಿಷ್, ನಾಳೆ ಕನ್ನಡ, ಬೇಕೆಂದರೆ ಕೈಬರಹ, ಅದೂ ಬೇಡವೆಂದರೆ ಮಾತು. ಬ್ಲ್ಯಾಕ್‌ಬೆರಿಯ ಹೆಮ್ಮೆಯಾಗಿದ್ದ ಅಚ್ಚೊತ್ತಿದ ಗುಂಡಿಗಳು ಇಂಗ್ಲಿಷೇತರ ಗ್ರಾಹಕನಿಗೆ ಬೇಲಿಯಾಗಿದ್ದವು. ಸೊಗಸಿಗಾಗಿ ಬಂದಂತೆ ಕಂಡ ಸ್ಪರ್ಶ ಪರದೆ ಕನ್ನಡಿಗರಿಗೆ ಒದಗಿದ್ದು ಅಕ್ಷರದ ಅನುಕೂಲವಾಗಿ.

ಅಂಗಡಿ ಕಟ್ಟೆಯ ಇಂದಿನ ಲೆಕ್ಕ

ಈಗಿನ ಪರಿಸ್ಥಿತಿಯಲ್ಲಿ ಸರಳ ಫೋನಿಗೆ ಮತ್ತೆ ಜೀವ ಬಂದಂತೆ ಕಾಣುತ್ತದೆ. 2016ರಲ್ಲಿ ಯುಪಿಐ ಪಾವತಿ ಆರಂಭವಾಯಿತು. 2017ರಲ್ಲಿ 1,500 ರೂಪಾಯಿ ಠೇವಣಿಗೆ ಜಿಯೊಫೋನ್ ಬಂತು. ಅಂತರ್ಜಾಲವಿಲ್ಲದ ಫೋನುಗಳಿಂದಲೂ ಹಣ ಕಳಿಸಲು 2022ರ ಮಾರ್ಚಿನಲ್ಲಿ ‘ಯುಪಿಐ 123ಪೇ’ ವ್ಯವಸ್ಥೆ ಜಾರಿಯಾಯಿತು. 2023ರಲ್ಲಿ 999 ರೂಪಾಯಿಯ ಜಿಯೊಭಾರತ್ ಬಂತು. ಅದರಲ್ಲೂ ಯುಪಿಐ ಇದೆ.

ಆದರೆ ಎಚ್ಚರ ಅಗತ್ಯ. ಜಿಯೊಫೋನಿನಂತಹ ಫೋನುಗಳನ್ನು ನಡೆಸುವ ಕೈಓಎಸ್ ವ್ಯವಸ್ಥೆಯಲ್ಲಿ ವಾಟ್ಸ್ಆ್ಯಪ್‌ಗೆ 2024ರಲ್ಲಿ ಹೊಸ ನೋಂದಣಿ ನಿಂತು, 2025ರಲ್ಲಿ ಸೇವೆಯೇ ಕೊನೆಗೊಂಡಿತು. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ ರವಿಕೆ ಬಟ್ಟೆ ಮಾರುವವರಿಗೆ ಗಿರಾಕಿಗಳು ಬಣ್ಣದ ಮಾದರಿ ಕಳಿಸುವುದು ವಾಟ್ಸ್ಆ್ಯಪಿನಲ್ಲಿ. ಅದು ನಿಂತರೆ ಆ ಫೋನು ವ್ಯಾಪಾರಕ್ಕೆ ಅರ್ಧ ಸತ್ತಂತೆ. ಇ-63ಕ್ಕೆ ಆದದ್ದೇ ಇದಕ್ಕೂ ಆಯಿತು. ಆದುದರಿಂದ ವ್ಯವಹಾರಕ್ಕೆ ಅಗ್ಗದ ಫೋನು ಕೊಳ್ಳುವವರು ಕ್ಯಾಮೆರಾ ಎಷ್ಟು ಎಂದು ಕೇಳುವ ಮೊದಲು, ತಯಾರಕರು ಎಷ್ಟು ವರ್ಷ ಭದ್ರತಾ ಪರಿಷ್ಕರಣೆ ಕೊಡುತ್ತಾರೆ ಎಂದು ಕೇಳುವುದು ಲೇಸು. ಇದೊಂದು ವಿಷಯದಲ್ಲಿ ದುಬಾರಿ ಫೋನುಗಳ ಮೇಲ್ಗೈ ನಿಜವಾದದ್ದು. ಹಣದ ಕೀಲಿಯೇ ಫೋನಿನಲ್ಲಿರುವಾಗ ಪರಿಷ್ಕರಣೆ ನಿಂತ ಯಂತ್ರ ಬೀಗವಿಲ್ಲದ ಗಲ್ಲಾಪೆಟ್ಟಿಗೆ.

ಹಾಗಿದ್ದರೂ ಸಿಂಪ್ಯೂಟರಿನ ಕನಸು ಪೂರ್ತಿ ಅಳಿಯಲಿಲ್ಲ. ಅಂಗಡಿಯ ಮೂಲೆಯಲ್ಲಿ ಕುಳಿತು ‘ಇಷ್ಟು ರೂಪಾಯಿ ಬಂದಿದೆ’ ಎಂದು ಕನ್ನಡದಲ್ಲಿ ಕೂಗುವ ಸೌಂಡ್‌ಬಾಕ್ಸನ್ನು ನೋಡಿ. ಒಳಗೆ ಒಂದು ಸಿಮ್, ಒಂದು ಬ್ಯಾಟರಿ, ಒಂದು ಧ್ವನಿವರ್ಧಕ. ಮೋಸಗಾರರು ಹಳೆಯ ಪಾವತಿಯ ಚಿತ್ರ ತೋರಿಸಿ ಹೋಗುವುದನ್ನು ತಡೆಯುವುದು ಅದರ ಒಂದೇ ಕೆಲಸ. ವ್ಯಾಪಾರಿ ಅದನ್ನು ಕೊಳ್ಳುವುದಕ್ಕಿಂತ ತಿಂಗಳ ಬಾಡಿಗೆಗೆ ಪಡೆಯುವುದೇ ಹೆಚ್ಚು. ಓದಲು ಬಾರದವರಿಗೂ ಕೇಳಿಸುತ್ತದೆ, ಕೈ ತುಂಬ ಹೂವಿದ್ದರೂ ತಿಳಿಯುತ್ತದೆ. ಅಗ್ಗವಾದ, ಒಂದೇ ಕೆಲಸದ, ಕನ್ನಡ ಮಾತಾಡುವ ಯಂತ್ರ. ‘ಧ್ವನಿ’ ತಂತ್ರಾಂಶ ಬರೆದವರು ಹಳ್ಳಿಯ ಕಟ್ಟೆಗೆಂದು ಬಯಸಿದ್ದು ಎರಡು ದಶಕಗಳ ಬಳಿಕ ಪೇಟೆಯ ಕಟ್ಟೆಗೆ ಬಂತು.

ಅದು ಮಾಡದ ಕೆಲಸವೊಂದಿದೆ. ಬಂದ ಹಣವನ್ನು ಅದು ಕೂಗುತ್ತದೆ, ಆದರೆ ಅದು ಯಾವ ಬಾಬ್ತಿನದು ಎಂದು ಬರೆದಿಡುವುದಿಲ್ಲ. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತವನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿದಾಗ ಈ ಕೊರತೆ ಬಯಲಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಜಮೆಯಾದದ್ದರಲ್ಲಿ ಕೈಸಾಲವೂ ಇದೆ, ನೆಂಟರು ಕಳಿಸಿದ್ದೂ ಇದೆ, ತೆರಿಗೆಯೇ ಇಲ್ಲದ ಹಾಲು, ತರಕಾರಿಯ ಹಣವೂ ಇದೆ ಎಂದು ವ್ಯಾಪಾರಿಗಳು ಹೇಳಿದರು. ಆದರೆ ಯಾವುದು ಎಷ್ಟು ಎಂದು ತೋರಿಸಲು ಬಹುಮಂದಿಯ ಬಳಿ ಲೆಕ್ಕವಿರಲಿಲ್ಲ. ನಗರದ ಹಲವು ಅಂಗಡಿಗಳಲ್ಲಿ ಕ್ಯೂಆರ್ ಚೀಟಿ ಕಿತ್ತು ‘ನಗದು ಮಾತ್ರ’ ಎಂಬ ಫಲಕ ತೂಗಿತು.

ಮೈಸೂರಿನ ಸಂಘಮಿತ್ರ ಕಿರುಸಾಲದ ಕೆಲಸಕ್ಕೆ ಸಿಂಪ್ಯೂಟರ್ ಹಿಡಿದದ್ದು ಇದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು. ಗಾಂಧಿಬಜಾರಿನ ಹೂವಿನವರ ಕೈಯಲ್ಲಿರುವ ಫೋನಿಗೆ, ಅದು ಯಾವ ಬೆಲೆಯದೇ ಆಗಲಿ, ಕನ್ನಡದಲ್ಲಿ ಕಡ-ಜಮಾ ಬರೆದಿಡುವ ಆ ಕೆಲಸ ಇನ್ನೂ ಬಾಕಿಯಿದೆ.